ಕೈಗೆ ಅವಸರ, ಬೆರಳಿಗಲ್ಲ

ಹತ್ತು ಮೀಟರ್ ಆಚೆ, ನೆಲದಿಂದ 1.4 ಮೀಟರ್ ಎತ್ತರದಲ್ಲಿ, ದೀಪದ ಕೆಳಗೆ ಒಂದು ಕಾರ್ಡು. ಅದರ ನಡುವೆ ಆರು ಸೆಂಟಿಮೀಟರಿನಷ್ಟು ಅಗಲದ ಕಪ್ಪು ವೃತ್ತ. ಆ ಕಪ್ಪಿನ ನಟ್ಟನಡುವೆ 11.5 ಮಿಲಿಮೀಟರಿನ ಒಂದು ಉಂಗುರ. ಹತ್ತು ಅಂಕ ಇರುವುದು ಅದಕ್ಕೆ. ನಿಂತಲ್ಲಿಂದ ಉಂಗುರ ಕಾಣುವುದಿಲ್ಲ. ಅದು ಅಲ್ಲಿದೆ ಎಂದು ನಂಬಿ ಕೈ ಎತ್ತಬೇಕು.

ನೀವು ಕೈ ಎತ್ತುತ್ತೀರಿ. ಒಂದೇ ಕೈ. ಇನ್ನೊಂದು ಕೈಯ ಹೆಬ್ಬೆರಳು ಸೊಂಟದ ಬೆಲ್ಟಿಗೆ ಸಿಕ್ಕಿಕೊಂಡಿದೆ. ಗಾಳಿ ಪಿಸ್ತೂಲಿನ ತೂಕ ಒಂದು ಕಿಲೋ ಆಸುಪಾಸು. ನಿಯಮದ ಪ್ರಕಾರ ಒಂದೂವರೆ ಕಿಲೋ ದಾಟುವಂತಿಲ್ಲ. ಮೊದಲ ಕಾರ್ಡಿಗೆ ಅದು ಹಗುರ, ಮೂರನೆಯ ಕಾರ್ಡಿಗೆ ಹಾಗಲ್ಲ. ನವರಾತ್ರಿಯ ಸಂಜೆ. ಮಂಗಳೂರಿನ ಮಣ್ಣಗುಡ್ಡೆ ಕಡೆಯ ಓಣಿಯೊಂದರ ಕಟ್ಟಡದಲ್ಲಿ, ತಾರಸಿಗೆ ಶೀಟು ಹೊದಿಸಿ ಮಾಡಿದ ಉದ್ದನೆಯ ಹಾಲು. ಮಧ್ಯಾಹ್ನ ಒಂದು ಮಳೆ ಬಂದು ಹೋಗಿದೆ, ಸೆಕೆ ಮಾತ್ರ ಹೋಗಿಲ್ಲ. ಕಾರ್ಡು ಅಲುಗಾಡಬಾರದೆಂದು ಫ್ಯಾನು ಆಫ್. ಅಂಗೈ ಬೆವರಿ ಮರದ ಹಿಡಿಕೆ ಜಾರಿದ ಹಾಗೆ ಅನಿಸುತ್ತಿದೆ. ಹಿಡಿಕೆ ಜಾರಿಲ್ಲ, ನೀವು ಬಿಗಿ ಹಿಡಿದಿದ್ದೀರಿ.

ಈಗ ಕಣ್ಣಿನ ಕೆಲಸ. ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಸೈಟು ನಿಲ್ಲಬೇಕು. ಎರಡೂ ಬದಿಯಲ್ಲಿ ಸಮ ಬೆಳಕು, ತಲೆ ಸಮ. ದೃಷ್ಟಿ ಮುಂದಿನ ಸೈಟಿನ ಮೇಲೆ ನೆಟ್ಟಿರಬೇಕು, ಕಪ್ಪು ವೃತ್ತ ಅದರ ಮೇಲೆ ಮಸುಕಾಗಿ ತೇಲಬೇಕು. ಗುರಿಯನ್ನು ಸ್ಪಷ್ಟವಾಗಿ ನೋಡಿದವನಿಗೆ ಗುರಿ ತಪ್ಪುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಟ್ಟಿದ್ದಾರೆ, ಕಣ್ಣು ಇನ್ನೂ ಒಪ್ಪಿಲ್ಲ.

ಕೈ ಮೇಲೆ ಹೋಗಿ ಮೆಲ್ಲನೆ ಇಳಿದು ಕಪ್ಪಿನ ಕೆಳಗೆ ನಿಲ್ಲುತ್ತದೆ. ಒಂದು ಕ್ಷಣ ಎಲ್ಲವೂ ಸರಿಯಾಗಿದೆ. ಬೆರಳು ಒತ್ತಬಹುದಿತ್ತು. ಆದರೆ ಇನ್ನೂ ಸ್ವಲ್ಪ ಚೆಂದ ಮಾಡೋಣ ಎಂದು ಕಾಯುತ್ತೀರಿ. ಸೈಟು ಎಡಕ್ಕೆ ಸರಿಯುತ್ತದೆ, ಎಳೆದು ತರುತ್ತೀರಿ. ಬಲಕ್ಕೆ ಹೋಗುತ್ತದೆ. ಹೆಗಲು ಉರಿಯತೊಡಗುತ್ತದೆ. ಹಿಡಿದ ಉಸಿರು ಎದೆಯಲ್ಲಿ ಬಡಿಯುತ್ತದೆ. ಈಗ, ಈಗಲೇ ಎಂದು ಬೆರಳು ತಾನಾಗಿ ಎಳೆದುಬಿಡುತ್ತದೆ.

ಟಪ್.

“ಎಷ್ಟು ಹೊತ್ತು ಮಾರಾಯ್ರೇ?” ಹಿಂದಿನಿಂದ ಕೋಚ್. ಸೇನೆಯಲ್ಲಿ ಹವಾಲ್ದಾರರಾಗಿದ್ದು ಊರಿಗೆ ಮರಳಿದವರು. ಇಲ್ಲಿ ಎಲ್ಲರಿಗೂ ಅವರು ಬರೀ ‘ಸಾರ್’. ಕೈಯಲ್ಲಿ ಸ್ಟಾಪ್‌ವಾಚು. “ಹದಿನಾಲ್ಕು ಸೆಕೆಂಡು ಆಯ್ತು. ಆರನೇ ಸೆಕೆಂಡಿಗೆ ನಿಮ್ಮ ಕೈ ನಿಂತಿತ್ತು. ಆಮೇಲಿನ ಎಂಟು ಸೆಕೆಂಡು ಎಂತ ಮಾಡಿದ್ದು?”

ರಾಟೆಯ ದಾರ ಎಳೆದು ಕಾರ್ಡನ್ನು ಹತ್ತಿರ ತರುತ್ತೀರಿ. ತೇವಕ್ಕೆ ಮೆತ್ತಗಾದ ಕಾರ್ಡಿನಲ್ಲಿ ಪೆಲೆಟ್ಟಿನ ತೂತು ಅಂಚು ಹರಿದುಕೊಂಡು ನಿಂತಿದೆ. ಏಳು. ಕೆಳಗೆ, ಎಡಕ್ಕೆ.

ವೇಗ ಹೆಚ್ಚಾದರೆ ನಿಖರತೆ ಕಡಿಮೆ, ನಿಧಾನ ಮಾಡಿದರೆ ನಿಖರತೆ ಹೆಚ್ಚು ಎಂದು ಹೊರಗಿನವರು ತಿಳಿದಿರುತ್ತಾರೆ. ಟೇಬಲ್ಲಿನ ಈಚೆ ನಿಂತವರಿಗೆ ಮಾತ್ರ ನಿಧಾನವೂ ಗುರಿ ಕೆಡಿಸುತ್ತದೆ ಎಂಬುದು ಗೊತ್ತು. ಎತ್ತಿದ ತೋಳು ಕೆಲವೇ ಸೆಕೆಂಡು ತೀರಾ ಸ್ಥಿರವಾಗಿರುತ್ತದೆ. ಆ ಕಿಟಕಿ ಮುಚ್ಚಿತೆಂದರೆ ಸ್ನಾಯು ದಣಿದು ನಡುಕ ಏರುತ್ತದೆ, ಕಣ್ಣು ತಾನು ನೋಡಬೇಕೆಂದಿರುವುದನ್ನೇ ನೋಡಿದೆನೆಂದು ಸುಳ್ಳು ಹೇಳತೊಡಗುತ್ತದೆ. ಹತ್ತು ಮೀಟರ್ ಗಾಳಿ ಪಿಸ್ತೂಲಿನ ಸ್ಪರ್ಧೆಯಲ್ಲಿ 60 ಗುಂಡುಗಳಿಗೆ 75 ನಿಮಿಷ ಸಿಗುತ್ತದೆ, ಒಂದೊಂದಕ್ಕೆ ಒಂದು ನಿಮಿಷಕ್ಕೂ ಮೇಲೆ. ಅಷ್ಟು ಸಮಯ ಕೊಟ್ಟಿರುವುದು ಕೈ ಎತ್ತಿ ಹಿಡಿದಿರುವುದಕ್ಕಲ್ಲ. ಎತ್ತಿದ್ದು ಸರಿ ಬಾರದಿದ್ದರೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತುವುದಕ್ಕೆ.

“ಇಳಿಸುವುದಕ್ಕೂ ಧೈರ್ಯ ಬೇಕು,” ಎನ್ನುತ್ತಾರೆ ಸಾರ್. “ಪ್ರಕಾಶ್ ನಂಜಪ್ಪ ಹೊಡೆಯುವುದು ನೋಡಿದ್ದೀರಾ? ನಮ್ಮ ಬೆಂಗಳೂರಿನವರು. ಆ ವೀಡಿಯೊ ನೋಡಿ. ಗುಂಡು ಹಾರಿಸಿದ್ದು ನೋಡಬೇಡಿ, ಹಾರಿಸದೆ ಕೈ ಇಳಿಸುವುದು ನೋಡಿ.”

2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಗಾಳಿ ಪಿಸ್ತೂಲಿನ ಕಂಚು ಗೆದ್ದವರು ನಂಜಪ್ಪ. ಅದೇ ವರ್ಷ ಸ್ಪೇನಿನಲ್ಲಿ ಸ್ಪರ್ಧೆಗೆ ಹೋದಾಗ ಬೆಲ್ಸ್ ಪಾಲ್ಸಿ ಬಂದು ಮುಖದ ಒಂದು ಬದಿ ಸ್ವಾಧೀನ ತಪ್ಪಿತು, ಕಣ್ಣಿಗೂ ತೊಂದರೆಯಾಯಿತು. ಆ ಮೇಲೆ ಮರಳಿ ಬಂದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದರು. ಕರ್ನಾಟಕದ ಪಿಸ್ತೂಲಿಗೆ ಆಮೇಲೂ ಬರ ಬಂದಿಲ್ಲ; ಬೆಂಗಳೂರಿನ ಟಿ.ಎಸ್. ದಿವ್ಯಾ 2023ರಲ್ಲಿ ಬಾಕು ವಿಶ್ವಕಪ್ಪಿನ ಮಿಶ್ರ ತಂಡದ ಚಿನ್ನವನ್ನೂ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಎರಡು ಬೆಳ್ಳಿಗಳನ್ನೂ ತಂದರು.

ಮತ್ತೆ ಟೇಬಲ್ಲಿಗೆ. ಪೆಲೆಟ್ ತುಂಬುತ್ತೀರಿ. ಮೂತಿ ಗುರಿಯ ಕಡೆಗೇ, ಬೆರಳು ಟ್ರಿಗರಿನ ಹೊರಗೆ. ಈ ಎರಡು ನಿಯಮ ಇಲ್ಲಿ ನಮಸ್ಕಾರಕ್ಕಿಂತ ಮೊದಲು ಕಲಿಸುತ್ತಾರೆ. ಈ ಸಲ ಆರನೇ ಸೆಕೆಂಡಿಗೆ ನಿಂತ ಕೈಯನ್ನು ನಂಬುತ್ತೀರಿ, ಬೆರಳು ನೇರ ಹಿಂದಕ್ಕೆ ಬರುತ್ತದೆ. ಒಂಬತ್ತು. ಇನ್ನೊಂದು. ಒಂಬತ್ತು. ಮೂರನೆಯ ಸಲ ಸೈಟು ನಿಲ್ಲಲಿಲ್ಲ, ಇಳಿಸುತ್ತೀರಿ. ಹಿಂದಿನಿಂದ ಸದ್ದಿಲ್ಲ. ಇಳಿಸಿದ್ದಕ್ಕೆ ಅವರು ಶಭಾಸ್ ಹೇಳುವುದಿಲ್ಲ, ಬೈಯುವುದೂ ಇಲ್ಲ.

ಟೇಬಲ್ಲಿನ ತುದಿಯ ಕರಿಹಲಗೆಯಲ್ಲಿ ಸಾರ್ ಒಂದು ಲೆಕ್ಕ ಬರೆದಿಟ್ಟಿದ್ದಾರೆ, ಅಳಿಸಲು ಬಿಡುವುದಿಲ್ಲ. ಗಾಳಿ ಪಿಸ್ತೂಲಿನ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು 32 ಸೆಂಟಿಮೀಟರ್ ಅಂತರ. ತೋಳು ಇಡಿಯಾಗಿ ಒಂದು ಮಿಲಿಮೀಟರ್ ಆಚೀಚೆ ಸರಿದರೆ ಪೆಲೆಟ್ಟೂ ಒಂದೇ ಮಿಲಿಮೀಟರ್ ಸರಿಯುತ್ತದೆ. ಹತ್ತು ಹತ್ತೇ ಆಗಿ ಉಳಿಯುತ್ತದೆ. ಆದರೆ ಮಣಿಕಟ್ಟು ತಿರುಗಿ ಮುಂದಿನ ಸೈಟು ಕಚ್ಚಿನೊಳಗೆ ಒಂದು ಮಿಲಿಮೀಟರ್ ಓರೆಯಾದರೆ ಹತ್ತು ಮೀಟರಿನಲ್ಲಿ ಅದು ಮೂರು ಸೆಂಟಿಮೀಟರ್ ಆಗುತ್ತದೆ. ಕಪ್ಪಿನ ಅಂಚು, ಏಳು ಅಂಕ. ಅಂದರೆ ನಡುಕ ಶತ್ರುವಲ್ಲ, ಅದು ಎಲ್ಲರಿಗೂ ಇದ್ದದ್ದೇ. ಶತ್ರು ಯಾರೆಂದರೆ ಕೊನೆಯ ಗಳಿಗೆಯಲ್ಲಿ ಟ್ರಿಗರನ್ನು ಕಿತ್ತೆಳೆದು ಮಣಿಕಟ್ಟನ್ನೂ ಜತೆಗೆ ಎಳೆಯುವ ಬೆರಳು. ಬಲಗೈಯವರಿಗೆ ಆ ತೂತು ಬೀಳುವ ಜಾಗ ಬಹುಮಟ್ಟಿಗೆ ಒಂದೇ: ಕೆಳಗೆ, ಎಡಕ್ಕೆ.

“ಈಗ ಪೆಲೆಟ್ ಎತ್ತಿಡಿ,” ಎನ್ನುತ್ತಾರೆ. “ಡ್ಯುಯೆಲ್ ಮಾಡುವ.”

ಡ್ಯುಯೆಲ್ ಎಂದರೆ ಮೂರು ಸೆಕೆಂಡಿನ ಆಟ. 25 ಮೀಟರ್ ಪಿಸ್ತೂಲ್ ಮಹಿಳೆಯರ ಒಲಿಂಪಿಕ್ ಸ್ಪರ್ಧೆ. ಅದರ ಮೊದಲ ಅರ್ಧ ನಿಖರತೆಯದ್ದು, ಐದು ನಿಮಿಷಕ್ಕೆ ಐದು ಗುಂಡಿನಂತೆ 30 ಗುಂಡು. ಎರಡನೆಯ ಅರ್ಧ ವೇಗದ್ದು: ಕೈ ನೆಲದ ಕಡೆಗೆ 45 ಡಿಗ್ರಿ ಇಳಿದಿರಬೇಕು, ಹಸಿರು ದೀಪ ಮೂರು ಸೆಕೆಂಡು ಉರಿಯುತ್ತದೆ, ಅಷ್ಟರಲ್ಲಿ ಎತ್ತಿ ಒಂದು ಗುಂಡು. ಏಳು ಸೆಕೆಂಡು ಕೆಂಪು. ಮತ್ತೆ ಹಸಿರು. ಹೀಗೆ ಐದು ಸಲ ಒಂದು ಸರಣಿ. ಬೇರೆ ಕೆಲವು ಪಿಸ್ತೂಲ್ ಸ್ಪರ್ಧೆಗಳಲ್ಲಿ ಗಂಡಸರಿಗೂ ಇದೇ ಮೂರು–ಏಳರ ಲೆಕ್ಕ ಇದೆ. ಹಾಲಿನಲ್ಲಿ 25 ಮೀಟರ್ ಜಾಗ ಇಲ್ಲ, ಆದ್ದರಿಂದ ಇಲ್ಲಿ ಪೆಲೆಟ್ ಇಲ್ಲದೆ ಬಿಳಿ ಗೋಡೆಗೆ ಅಭ್ಯಾಸ. ಗೋಡೆಯ ಮೇಲೆ ಹಸಿರು ಬಲ್ಬೊಂದು, ಕೆಂಪು ಬಲ್ಬೊಂದು. ಸ್ವಿಚ್ಚು ಸಾರ್ ಕೈಯಲ್ಲಿ.

“ಅಟೆನ್ಷನ್.”

ಕೈ ಇಳಿಸುತ್ತೀರಿ. ಕೆಂಪು. ಹೊರಗೆ ಓಣಿಯ ಬಾಯಿಯಲ್ಲಿ ಹುಲಿವೇಷದ ತಂಡವೊಂದು ಬಂದು ನಿಂತಿದೆ. ತಾಸೆಯ ಬಡಿತ ಶೀಟಿನ ಮೇಲೆ ಮಳೆ ಹೊಯ್ದ ಹಾಗೆ ಒಳಗೆ ಬರುತ್ತಿದೆ. ಏಳು ಸೆಕೆಂಡು ಎಷ್ಟು ಉದ್ದ ಎಂದು ಈಗ ತಿಳಿಯುತ್ತದೆ. ಹಸಿರು!

ತೋಳು ಚಿಮ್ಮುತ್ತದೆ, ಗುರಿ ದಾಟಿ ಮೇಲೆ ಹೋಗುತ್ತದೆ, ವಾಪಸು ಬರುತ್ತದೆ, ಬೆರಳು ಕಿತ್ತೆಳೆಯುತ್ತದೆ. ಕ್ಲಿಕ್. ಹಸಿರು ಇನ್ನೂ ಉರಿಯುತ್ತಲೇ ಇದೆ. ಒಂದು ಸೆಕೆಂಡಿಗೂ ಹೆಚ್ಚು ಸಮಯ ಕೈಯಲ್ಲಿ ಉಳಿದಿದೆ, ಅದನ್ನು ಈಗ ಎಲ್ಲಿಯೂ ಬಳಸುವ ಹಾಗಿಲ್ಲ.

“ತಾಸೆಗೆ ಟ್ರಿಗರ್ ಒತ್ತಬೇಡಿ!” ಸಾರ್ ನಗುತ್ತಾರೆ. ಪಕ್ಕದ ಲೇನಿನ ಪಿಯುಸಿ ಹುಡುಗಿಯೂ ನಗುತ್ತಾಳೆ. ಅವಳು ಎನ್‌ಸಿಸಿಯಲ್ಲಿ ಮಲಗಿ .22 ರೈಫಲ್ ಹೊಡೆಯುತ್ತಾ ಈ ದಾರಿಗೆ ಬಂದವಳು, ಈಗ 25 ಮೀಟರ್ ಪಿಸ್ತೂಲಿನ ಹುಚ್ಚು ಹತ್ತಿದೆ. “ನೀನು ತೋರಿಸು ಮಗಾ,” ಎನ್ನುತ್ತಾರೆ ಅವಳಿಗೆ.

ಅವಳ ಕೈ ನೋಡಿ. ಹಸಿರು ಬಂದದ್ದೇ ತೋಳು ಮೇಲೇಳುತ್ತದೆ, ಹೆಗಲಿನಿಂದ ಮಾತ್ರ; ಮಣಿಕಟ್ಟಾಗಲಿ ಮೊಣಕೈಯಾಗಲಿ ಅಲುಗುವುದಿಲ್ಲ. ಮೊದಲ ಮುಕ್ಕಾಲು ದಾರಿ ಚುರುಕು, ಕೊನೆಯ ಕಾಲು ದಾರಿ ತಾನಾಗಿ ನಿಧಾನ. ದಾರಿಯಲ್ಲಿರುವಾಗಲೇ ಬೆರಳು ಟ್ರಿಗರಿನ ಮೊದಲ ಭಾರವನ್ನು ತೆಗೆದುಕೊಂಡಾಗಿದೆ. ಸೈಟು ಬಂದು ನಿಂತಾಗ ಉಳಿದಿರುವುದು ಚೂರು ಒತ್ತಡ ಮಾತ್ರ. ಅದನ್ನು ಅವಳು ಸಾವಕಾಶವಾಗಿ ಮುಗಿಸುತ್ತಾಳೆ. ಕ್ಲಿಕ್. ಒಂದು ಗಳಿಗೆ ಕೈ ಅಲ್ಲಿಯೇ ನಿಲ್ಲುತ್ತದೆ. ಕೆಂಪು.

ನಿಮಗಿಂತ ತಡವಾಗಿ ಹೊಡೆದಳು, ಆದರೆ ಅವಳಲ್ಲಿ ಅವಸರವೇ ಕಾಣಲಿಲ್ಲ. ಅವಳು ಉಳಿಸಿದ ಸಮಯವೆಲ್ಲ ಕೈಯ ದಾರಿಯಲ್ಲಿ, ಖರ್ಚು ಮಾಡಿದ್ದು ಬೆರಳಿನಲ್ಲಿ. ನೀವು ಮಾಡಿದ್ದು ತಿರುಗಾಮುರುಗಾ.

ಚಾ ಹೊತ್ತು. ಕೆಳಗಿನ ಹೋಟೆಲಿನಿಂದ ಗೋಳಿಬಜೆಯ ಪೊಟ್ಟಣ ಬಂದಿದೆ. ಪೆಲೆಟ್ ಸೀಸದ್ದು, ಕೈ ಸೋಪು ಹಾಕಿ ತೊಳೆಯದೆ ಯಾರೂ ಮುಟ್ಟುವಂತಿಲ್ಲ. ಸಾರ್ ಬೆಂಚಿನ ಮೇಲೆ ಎರಡು ದೊಡ್ಡ ಕಾರ್ಡುಗಳನ್ನು ಅಕ್ಕಪಕ್ಕ ಇಡುತ್ತಾರೆ. ಎರಡೂ 25 ಮೀಟರಿನವು.

“ಇದು ಪ್ರಿಸಿಷನ್ನಿನದ್ದು. ಹತ್ತರ ಉಂಗುರ 50 ಮಿಲಿಮೀಟರ್. ಇದು ರ‍್ಯಾಪಿಡ್‌ನದ್ದು. ಹತ್ತರ ಉಂಗುರ 100. ಎಂತಕ್ಕೆ ಹೇಳಿ?”

ಯಾರೂ ಬಾಯಿ ಬಿಡುವುದಿಲ್ಲ.

“ನಿಯಮ ಮಾಡಿದವರಿಗೆ ಗೊತ್ತುಂಟು, ಅವಸರದಲ್ಲಿ ಮನುಷ್ಯನ ಕೈ ಎಷ್ಟು ಹರಡುತ್ತದೆ ಅಂತ. ಅಷ್ಟು ಅಗಲ ಮಾಡಿಯೇ ಕೊಟ್ಟಿದ್ದಾರೆ. ನೀವು ಮೂರು ಸೆಕೆಂಡಿನಲ್ಲಿ ಹೋಗಿ 50ರ ಉಂಗುರ ಹುಡುಕುತ್ತೀರಿ. ಅದು ಅಲ್ಲಿ ಇಲ್ಲವೇ ಇಲ್ಲ!”

ಸಾರ್ ಬೆಂಚಿನ ಮೇಲೆ ಇಟ್ಟದ್ದು ಮನಶ್ಶಾಸ್ತ್ರದ ಹಳೆಯ ವಿಷಯ. ಅಮೆರಿಕದ ರಾಬರ್ಟ್ ವುಡ್‌ವರ್ತ್ 1899ರಲ್ಲಿಯೇ ಜನರ ಕೈಗೆ ಪೆನ್ಸಿಲು ಕೊಟ್ಟು, ಮೆಟ್ರೊನೋಮಿನ ತಾಳಕ್ಕೆ ಗೆರೆ ಎಳೆಸಿ, ವೇಗ ಏರಿದಂತೆ ಗೆರೆ ಎಷ್ಟು ತಪ್ಪುತ್ತದೆಂದು ಅಳೆದಿದ್ದರು. 1954ರಲ್ಲಿ ಪಾಲ್ ಫಿಟ್ಸ್ ಅದನ್ನು ಸೂತ್ರಕ್ಕೆ ಇಳಿಸಿದರು: ಕೈ ಗುರಿ ಮುಟ್ಟಲು ಬೇಕಾದ ಸಮಯ ನಿಂತಿರುವುದು ದೂರ ಮತ್ತು ಗುರಿಯ ಅಗಲ ಎರಡರ ಮೇಲೆ. ಗುರಿ ಅಗಲವಾದಷ್ಟು ಬೇಗ ಮುಟ್ಟಬಹುದು. ಹಾಗಾಗಿ ಎಷ್ಟು ಬೇಗ ಎಂದು ಕೇಳುವ ಮೊದಲು ಎಷ್ಟು ಅಗಲ ಎಂದು ಕೇಳಬೇಕು. ಗುರಿ ಕೇಳಿದ್ದಕ್ಕಿಂತ ಹೆಚ್ಚು ನಿಖರತೆ ಕೊಳ್ಳಹೊರಟರೆ ಬೆಲೆ ತೆರುವುದು ಸಮಯದಲ್ಲಿ.

“ಉಂಗುರದ ಆ ಅಗಲ ಕಣ್ಣಿಗೆ ಸಿಕ್ಕಿದ ರಿಯಾಯಿತಿ,” ಎಂದು ಸಾರ್ ಬೆರಳೆತ್ತುತ್ತಾರೆ. “ಬೆರಳಿಗೆ ರಿಯಾಯಿತಿ ಇಲ್ಲ. 25 ಮೀಟರಿನ ಪಿಸ್ತೂಲಿನಲ್ಲಿ ಸೈಟುಗಳ ನಡುವೆ ಹೆಚ್ಚೆಂದರೆ 22 ಸೆಂಟಿಮೀಟರ್. ಟ್ರಿಗರ್ ಎಳೆದು ಒಂದು ಮಿಲಿಮೀಟರ್ ಓರೆ ಮಾಡಿದರೆ ಅಲ್ಲಿ 11 ಸೆಂಟಿಮೀಟರ್ ಆಚೆ ಹೋಗುತ್ತದೆ. ಈ ಕಾರ್ಡಿನಲ್ಲಿ ಎಂಟು, ಆ ಕಾರ್ಡಿನಲ್ಲಿ ಆರು. ಎರಡು ಮಿಲಿಮೀಟರ್ ಓರೆಯಾದರೆ ಎಷ್ಟು ಅಗಲದ ಕಾರ್ಡು ಇದ್ದು ಏನು?”

ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಡಿಕೇರಿಯವರೊಬ್ಬರು ಚಾ ಲೋಟ ಕೆಳಗಿಟ್ಟು, “ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರ್ತದಲ್ಲ, ಅಲ್ಲಿ ಗಡಿಯಾರ ಯಾರೂ ನೋಡುವುದಿಲ್ಲ. ಕಾಯಿ ಒಡೆಯಿತಾ, ಆಯಿತು,” ಎನ್ನುತ್ತಾರೆ.

“ಕಂಬಳದಲ್ಲಿ ಎರಡೂ ಉಂಟು ಅಣ್ಣ,” ಎಂದು ಮೂಡುಬಿದಿರೆಯ ಹುಡುಗ ಎದ್ದು ನಿಲ್ಲುತ್ತಾನೆ, ಅವನಿಗೆ ಕೂತು ಮಾತಾಡಿ ಗೊತ್ತಿಲ್ಲ. “ಹಗ್ಗಕ್ಕೆ, ನೇಗಿಲಿಗೆ ಟೈಮು ಮಾತ್ರ ನೋಡ್ತಾರೆ. ಕನೆಹಲಗೆಗೆ ಟೈಮು ಬೇಡ, ಮೇಲೆ ಕಟ್ಟಿದ ನಿಶಾನೆಗೆ ನೀರು ಹಾಯ್ತಾ ಅಂತ ನೋಡುವುದು. ಆರೂವರೆ ಕೋಲು, ಏಳೂವರೆ ಕೋಲು. ಆದ್ರೆ ಕೋಣ ಓಡದೆ ನಿಶಾನೆಗೆ ನೀರು ಹಾಯುವುದಿಲ್ಲವಲ್ಲ?”

ಸಾರ್‌ಗೆ ಇದು ಇಷ್ಟವಾಗುತ್ತದೆ. “ಅದೇ! ನಿಮ್ಮದು ಹಗ್ಗ ಅಲ್ಲ, ಕನೆಹಲಗೆ,” ಎಂದು ನಿಮ್ಮ ಕಡೆ ತಿರುಗುತ್ತಾರೆ.

ವೇಗ, ನಿಖರತೆ ಈ ಎರಡರ ಎಳೆದಾಟದಲ್ಲಿ ದೊಡ್ಡವರೂ ಎಡವಿದ್ದಾರೆ, ದೊಡ್ಡ ಕೂಟಗಳಲ್ಲಿಯೇ. 2012ರ ಲಂಡನ್ ಒಲಿಂಪಿಕ್ಸಿನ 25 ಮೀಟರ್ ರ‍್ಯಾಪಿಡ್ ಫೈರಿನಲ್ಲಿ ರಷ್ಯದ ಅಲೆಕ್ಸಿ ಕ್ಲಿಮೊವ್ ಅರ್ಹತಾ ಸುತ್ತಿನಲ್ಲಿ 600ಕ್ಕೆ 592 ಗಳಿಸಿ ವಿಶ್ವದಾಖಲೆ ಮಾಡಿದರು. ಫೈನಲ್ಲಿನಲ್ಲಿ ಲೆಕ್ಕ ಬೇರೆ: 9.7 ಅಥವಾ ಅದಕ್ಕಿಂತ ಮೇಲೆ ಬಿದ್ದರೆ ಒಂದು ಹಿಟ್, ಕೆಳಗೆ ಬಿದ್ದರೆ ಸೊನ್ನೆ. ಎಲ್ಲವೂ ನಾಲ್ಕು ಸೆಕೆಂಡಿನ ಸರಣಿಗಳು. ಕ್ಲಿಮೊವ್ ನಾಲ್ಕನೆಯವರಾದರು. 34 ಹಿಟ್ ಮಾಡಿದ ಕ್ಯೂಬಾದ ಲ್ಯೂರಿಸ್ ಪುಪೊ ಚಿನ್ನ ಗೆದ್ದರು. 30 ಹಿಟ್ ಮಾಡಿದ ನಮ್ಮ ಸೇನೆಯ ವಿಜಯ್ ಕುಮಾರ್‌ಗೆ ಬೆಳ್ಳಿ. ಟೋಕಿಯೋದಲ್ಲಿ ಮನು ಭಾಕರ್‌ಗೆ ಆದದ್ದು ಇನ್ನೊಂದು ಬಗೆ: ನಿಧಾನದ ಸ್ಪರ್ಧೆಯಲ್ಲಿ, ಗಾಳಿ ಪಿಸ್ತೂಲಿನಲ್ಲಿ, ಪಿಸ್ತೂಲು ಕೆಟ್ಟು ನಿಮಿಷಗಳು ಸೋರಿಹೋದವು. ಉಳಿದ ಗುಂಡುಗಳನ್ನು ಗಡಿಯಾರ ನೋಡಿಕೊಂಡು ಹೊಡೆದು 575ಕ್ಕೆ ನಿಂತರು, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಮೂರು ವರ್ಷದ ಬಳಿಕ ಪ್ಯಾರಿಸ್ಸಿನಲ್ಲಿ ಅದೇ ಗಾಳಿ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು. ವೇಗವೂ ಬೇಕಾದ 25 ಮೀಟರಿನಲ್ಲಿ ಶೂಟ್‌ಆಫ್ ತನಕ ಹೋಗಿ ನಾಲ್ಕನೆಯ ಸ್ಥಾನಕ್ಕೆ ನಿಂತರು.

ಭಾನುವಾರ ಬೆಳಿಗ್ಗೆ. ನಗರ ದಾಟಿ, ಮುರಕಲ್ಲಿನ ಕೋರೆ ಕಡಿದು ಬಿಟ್ಟ ಗುಡ್ಡದ ಬದಿಯಲ್ಲಿ 25 ಮೀಟರಿನ ರೇಂಜು. ಎದುರಿಗೆ ಕೆಂಪು ಮಣ್ಣಿನ ಎತ್ತರದ ದಂಡೆ, ಗುಂಡು ಅದರೊಳಗೆ ಹೂತುಹೋಗಲಿ ಎಂದು. ಈಚೆ ಶೀಟಿನ ಮಾಡು. ಇಲ್ಲಿ ಪೆಲೆಟ್ ಅಲ್ಲ, .22 ರೌಂಡು, ಹಾಗಾಗಿ ಲೈಸೆನ್ಸು, ರಿಜಿಸ್ಟರು, ಕೊಟ್ಟ ರೌಂಡಿನ ಲೆಕ್ಕ, ಹೆಕ್ಕಿದ ಖಾಲಿ ಕೋಶದ ಲೆಕ್ಕ, ಎಲ್ಲವೂ ಇದೆ. ಕನ್ನಡಕ, ಕಿವಿಗೆ ಮಫ್. ಮಫ್ ಹಾಕಿದ ಕೂಡಲೇ ದೂರದ ನವಿಲಿನ ಕೂಗು ಅಳಿದು ನಿಮ್ಮ ಉಸಿರೇ ಕೇಳತೊಡಗುತ್ತದೆ.

ಮೊದಲು ಮೂಡುಬಿದಿರೆಯ ಹುಡುಗನ ಸರದಿ. ಅವನದು ರ‍್ಯಾಪಿಡ್ ಫೈರ್: 75 ಸೆಂಟಿಮೀಟರ್ ಅಂತರದಲ್ಲಿ ಸಾಲಾಗಿ ಐದು ಗುರಿ, ಒಂದೊಂದಕ್ಕೆ ಒಂದು ಗುಂಡು. ಎಂಟು ಸೆಕೆಂಡಿನ ಎರಡು ಸರಣಿ, ಆರರ ಎರಡು, ನಾಲ್ಕರ ಎರಡು. ಇದು ಅರ್ಧ ಪಂದ್ಯ, ಇನ್ನರ್ಧವೂ ಹೀಗೆಯೇ. ಎಂಟು ಸೆಕೆಂಡಿನಲ್ಲಿ ಅವನು ಉಯ್ಯಾಲೆಯಷ್ಟು ಹದವಾಗಿ ಹೊಡೆಯುತ್ತಾನೆ. ನಾಲ್ಕಕ್ಕೆ ಬಂದಾಗ ಕಿವಿಗೊಟ್ಟು ಕೇಳಿ. ಹಸಿರು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಮರೆತನೇ ಎಂದುಕೊಳ್ಳುವಷ್ಟರಲ್ಲಿ ಮೊದಲ ಗುಂಡು, ಅದರ ಬೆನ್ನಿಗೆ ಸಮ ಅಂತರದಲ್ಲಿ ನಾಲ್ಕು. ಮೊದಲನೆಯದಕ್ಕೆ ಹತ್ತಿರ ಒಂದೂವರೆ ಸೆಕೆಂಡು ಕೊಟ್ಟಿದ್ದಾನೆ, ಉಳಿದ ನಾಲ್ಕಕ್ಕೆ ಸೇರಿ ಎರಡೂವರೆ. ಮೊದಲನೆಯದನ್ನು ಬೇಗ ಮುಗಿಸಿದವರು ಎರಡನೆಯದಕ್ಕೆ ತಡವರಿಸುತ್ತಾರೆ. ಒಮ್ಮೆ ತಾಳ ತಪ್ಪಿದರೆ ಐದನೆಯ ಗುರಿಗೆ ಸಮಯ ಇರುವುದಿಲ್ಲ. ಅವನ ಸೊಂಟದಿಂದ ಮೇಲಿನ ಮೈ ಇಡಿಯಾಗಿ ತಿರುಗುತ್ತದೆ, ತೋಳಿಗೂ ಎದೆಗೂ ನಡುವಿನ ಕೋನ ಬದಲಾಗುವುದೇ ಇಲ್ಲ.

ಈಗ ನೀವು.

“ಲೋಡ್.” ಮ್ಯಾಗಜಿನ್ನಿಗೆ ಐದು ರೌಂಡು. ಒಳಗೆ ತಳ್ಳುತ್ತೀರಿ. “ಅಟೆನ್ಷನ್.” ಕೈ 45 ಡಿಗ್ರಿಗೆ. ಕೆಂಪು ದೀಪ. ಕಣ್ಣು ಗುರಿಯ ಮೇಲಲ್ಲ, ಪಿಸ್ತೂಲು ಬಂದು ನಿಲ್ಲಬೇಕಾದ ಗಾಳಿಯ ಮೇಲೆ.

ಹಸಿರು. ಎತ್ತಿದಿರಿ, ಹೊಡೆದಿರಿ. ಸಿಡಿದ ಸದ್ದಿಗಿಂತ ಮುಂಚೆ ನೀವೇ ಬೆಚ್ಚಿದ್ದೀರಿ. ಖಾಲಿ ಕೋಶ ಬಲಕ್ಕೆ ಹಾರಿ ಸಿಮೆಂಟಿನ ಮೇಲೆ ಉರುಳುತ್ತದೆ, ಮದ್ದಿನ ವಾಸನೆ ಮೂಗಿಗೆ. ಕೆಂಪು. ಹಸಿರು, ಮತ್ತೆ ಅದೇ. ಐದೂ ಮುಗಿದ ಮೇಲೆ ಪಿಸ್ತೂಲು ಖಾಲಿ ಮಾಡಿ, ತೋರಿಸಿ, ಟೇಬಲ್ಲಿನ ಮೇಲಿಟ್ಟು ಎಲ್ಲರೂ ಒಟ್ಟಿಗೆ ಗುರಿಯ ಕಡೆ ನಡೆಯುತ್ತೀರಿ. ಎಂಟು, ಏಳು, ಆರು, ಎಂಟು, ಏಳು. ಒಟ್ಟು 36. ಐದೂ ಒಂದೇ ಮೂಲೆಯಲ್ಲಿ, ಕೆಳಗೆ ಎಡಕ್ಕೆ.

“ಚದರಿಲ್ಲ, ಅದು ಒಳ್ಳೆಯದು,” ಎನ್ನುತ್ತಾರೆ ಸಾರ್. “ಒಂದೇ ತಪ್ಪು ಐದು ಸಲ. ಎರಡು ಸೆಕೆಂಡು ತುಂಬುವ ಮೊದಲೇ ಹೊಡೆದಿದ್ದೀರಿ. ಮಿಕ್ಕಿದ ಒಂದು ಸೆಕೆಂಡನ್ನು ಬೆರಳಿಗೆ ಕೊಡಿ.”

ಎರಡನೆಯ ಸರಣಿ. ಈ ಸಲ ತೋಳು ಬೇಗ ಹೊರಡುತ್ತದೆ, ಬೆರಳು ದಾರಿಯಲ್ಲೇ ಭಾರ ಹಿಡಿಯುತ್ತದೆ. ಸೈಟು ಕಾಣುತ್ತದೆ! ಇಷ್ಟು ಕಡಿಮೆ ಸಮಯದಲ್ಲಿ ಸೈಟು ಕಾಣುತ್ತದೆ ಎಂಬುದೇ ಗೊತ್ತಿರಲಿಲ್ಲ. ಒತ್ತಡ ಮುಂದುವರಿಯುತ್ತದೆ, ಗುಂಡು ಹಾರುತ್ತದೆ. ಚೆನ್ನಾಗಿದೆ ಎಂದು ಕೈಗೇ ತಿಳಿಯುತ್ತದೆ. ಎರಡನೆಯದು ಇನ್ನೂ ಚೆನ್ನ. ಮೂರನೆಯದು ಸಾಧಾರಣ. ನಾಲ್ಕನೆಯ ಹಸಿರಿಗೆ ಎತ್ತುವಾಗ ಆಸೆ ಹುಟ್ಟುತ್ತದೆ. ಸೈಟು ಉಂಗುರದ ಒಳಗೇ ಇದೆ, ಆದರೆ ನಡುವಿಗೆ ಬಂದಿಲ್ಲ. ಬರಲಿ ಎಂದು ಬೆರಳು ನಿಲ್ಲುತ್ತದೆ. ಬರುತ್ತದೆ. ಈಗ ನಡುವಿನಲ್ಲೇ ಇದೆ. ಒತ್ತುತ್ತೀರಿ, ನಯವಾಗಿ, ನೇರ ಹಿಂದಕ್ಕೆ. ಸದ್ದು ಬಂದಾಗ ದೀಪ ಕೆಂಪಾಗಿದೆ. ಆ ಗಲಿಬಿಲಿಯಲ್ಲಿ ಐದನೆಯದನ್ನು ಕಿತ್ತೆಳೆಯುತ್ತೀರಿ.

ಕಾರ್ಡಿನ ಮುಂದೆ ನಿಂತಾಗ ಐದು ತೂತು ಕಾಣುತ್ತವೆ. ಒಂಬತ್ತು, ಹತ್ತು, ಎಂಟು. ಕೆಳಗೆ ಎಡಕ್ಕೆ ಒಂದು ಏಳು. ಮತ್ತು ನಟ್ಟನಡುವೆ, ಉಂಗುರ ಬರೆದವರೇ ಸಂತೋಷಪಡುವಂಥ ಇನ್ನೊಂದು ಹತ್ತು.

“44, ಸಾರ್.”

“34,” ಎಂದು ಸಾರ್ ಬರೆದುಕೊಳ್ಳುತ್ತಾರೆ.

“ಅದು ಹತ್ತಕ್ಕೇ ಬಿದ್ದಿದೆ.”

“ಬಿದ್ದದ್ದು ಹೌದು. ದೀಪ ಕೆಂಪಾದ ಮೇಲೆ. ಸೊನ್ನೆ.” ಪೆನ್ನಿನ ತುದಿಯಿಂದ ಆ ತೂತನ್ನು ತೋರಿಸುತ್ತಾರೆ. “ಇದರಲ್ಲಿ ತಪ್ಪು ಎಂತದೂ ಇಲ್ಲ. ಇಡೀ ಸರಣಿಯಲ್ಲಿ ಚೆಂದದ ಶಾಟು ಇದೇ. ನೀವು ನಿಲ್ಲಿಸದೆ ಒತ್ತಿದ್ದರೆ ಒಂಬತ್ತು ಸಿಗುತ್ತಿತ್ತು. ತೀರಾ ಕಡಿಮೆ ಅಂದರೆ ಎಂಟು. ಹತ್ತು ಬೇಕು ಅಂತ ಹೋಗಿ ಎಂಟನ್ನೂ ಬಿಟ್ಟಿರಿ. ಆ ಬಿಟ್ಟದ್ದರ ಸಿಟ್ಟಿಗೆ ಐದನೆಯದೂ ಹೋಯಿತು.”

ನೀವು ಮನಸ್ಸಿನಲ್ಲಿ ಲೆಕ್ಕ ಹಾಕುತ್ತೀರಿ. ಗಡಿಬಿಡಿಯಲ್ಲಿ ಹಾಳುಮಾಡಿದ ಮೊದಲ ಸರಣಿಗೆ 36, ಸೈಟು ಕಂಡು ಹೊಡೆದ ಈ ಸರಣಿಗೆ 34. ಲೆಕ್ಕದಲ್ಲಿ ಹಿಂದೆ ಬಿದ್ದಿದ್ದೀರಿ. ಆದರೆ ಮೊದಲ ಕಾರ್ಡಿನಲ್ಲಿ ಮುಂದೆ ಹೋಗುವ ದಾರಿ ಇರಲಿಲ್ಲ, ಇದರಲ್ಲಿ ಇದೆ. ಬೆರಳು ನಿಂತ ಆ ಅರ್ಧ ಸೆಕೆಂಡನ್ನು ತೆಗೆದರೆ ಸಾಕು.

ಮೂರನೆಯ ಸರಣಿಗೆ ಹೊಸ ಕಾರ್ಡು. ಗುಡ್ಡದ ಮೇಲೆ ಬಿಸಿಲು ಏರಿ ಮಣ್ಣಿನ ದಂಡೆ ಕಣ್ಣಿಗೆ ಹೊಡೆಯುತ್ತಿದೆ. ಲೋಡ್. ಅಟೆನ್ಷನ್. ಹಸಿರು. ಕೈ ಹೊರಡುತ್ತದೆ, ಬೆರಳು ಹೊರಡುತ್ತದೆ, ಎರಡೂ ಒಟ್ಟಿಗೆ ತಲಪುತ್ತವೆ. ಸೈಟು ಕಪ್ಪಿನೊಳಗೆ ಇದೆ, ನಡುವಿನಲ್ಲಿ ಇಲ್ಲ. ಇರಲಿ. ಒತ್ತಡ ನಿಲ್ಲುವುದಿಲ್ಲ. ಗುಂಡು ಹಾರಿದ ಮೇಲೂ ಸೈಟನ್ನು ಒಂದು ಗಳಿಗೆ ನೋಡುತ್ತೀರಿ. ಕೆಂಪು. ಕೈ ಇಳಿಸಿ, ಆದದ್ದನ್ನು ಮರೆತು, ಏಳು ಸೆಕೆಂಡು ಗಾಳಿ ನೋಡುತ್ತೀರಿ. ಹಸಿರು. ಮತ್ತೆ. ಮತ್ತೆ. ಯಾವುದೂ ಅದ್ಭುತ ಅನಿಸಲಿಲ್ಲ, ಯಾವುದೂ ತಪ್ಪಿತು ಅನಿಸಲೂ ಇಲ್ಲ.

ಒಂಬತ್ತು, ಎಂಟು, ಒಂಬತ್ತು, ಎಂಟು, ಒಂಬತ್ತು. ಹತ್ತು ಒಂದೂ ಇಲ್ಲ. ಮೂಲೆಗೆ ಓಡಿದ್ದೂ ಇಲ್ಲ. ಐದು ತೂತು ನಡುವನ್ನು ಸುತ್ತುವರಿದು ಕೂತಿವೆ. ದೀಪ ಕೆಂಪಾಗುವ ಮೊದಲೇ ಎಲ್ಲವೂ.

“43.” ಸಾರ್ ಪುಸ್ತಕದಲ್ಲಿ ಬರೆದು, ಪೆನ್ನು ಜೇಬಿಗೆ ಸಿಕ್ಕಿಸುತ್ತಾರೆ. “ನಾಳೆಯಿಂದ ಹಾಲಿನಲ್ಲಿ ಬರೀ ಗೋಡೆಗೆ ಮಾಡಿ, ಪೆಲೆಟ್ ಬೇಡ. ಇನ್ನು ಈ ಎಂಟುಗಳನ್ನು ಒಂಬತ್ತು ಮಾಡುವ. ಆದರೆ ಇಷ್ಟೇ ಸಮಯದಲ್ಲಿ.”